ಮಕ್ಕಳೊಂದಿಗೆ ಚಿತ್ರಶಾಲಾ ವೀಕ್ಷಣೆ ಮತ್ತು ಚಿತ್ರ ರಚನೆ: ಮೈಸೂರಿನ ಜಗನ್ಮೋಹನ ಅರಮನೆ

ಪೀಠಿಕೆ

ಮೂರು ನಾಲ್ಕು ವರ್ಷದ ಮಗು ಕೈಗೆ ಸಿಕ್ಕ ಸೀಮೆಸುಣ್ಣದಿಂದ ಗೋಡೆ, ನೆಲಗಳ ಮೇಲೆಲ್ಲ ಗೆರೆ ಎಳೆಯುತ್ತದೆ. ಅದೇ ಮಗು ಹತ್ತು ಹನ್ನೆರಡರ ವಯಸ್ಸಿಗೆ ಬರುವಷ್ಟರಲ್ಲಿ “ನನಗೆ ಚಿತ್ರ ಬಿಡಿಸಲು ಬರುವುದಿಲ್ಲ” ಎಂದು ಪೆನ್ಸಿಲನ್ನು ಕೆಳಗಿಡುವುದು ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಹಿರಿಯರ ತಿದ್ದುಪಡಿ ಹಾಗೂ ಇತರ ಮಕ್ಕಳೊಂದಿಗಿನ ಹೋಲಿಕೆ ಇದಕ್ಕೆ ಬಹುಪಾಲು ಕಾರಣವಾಗುತ್ತವೆ. ಚಿತ್ರಶಾಲೆಯಲ್ಲಿ ಒಂದು ಚಿತ್ರವನ್ನು ನಿಧಾನವಾಗಿ ನೋಡಿ, ಮನೆಗೆ ಮರಳಿದ ನಂತರ ಪಾಲಕರೂ ಮಕ್ಕಳ ಪಕ್ಕದಲ್ಲಿ ಕುಳಿತು ಚಿತ್ರ ರಚಿಸಿದಲ್ಲಿ ಈ ಹಿಂಜರಿಕೆಯನ್ನು ಕಡಿಮೆ ಮಾಡಬಹುದಾಗಿದೆ. ಇದಕ್ಕೆ ಪಾಲಕರಿಗೆ ಚಿತ್ರಕಲೆಯ ಪರಿಣತಿ ಇರಬೇಕಾಗಿಲ್ಲ.

ಚಿತ್ರಶಾಲೆಯ ಪರಿಚಯ

ಜಗನ್ಮೋಹನ ಅರಮನೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ನಿರ್ಮಾಣವಾಯಿತು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದಾಗ ರಾಜಪರಿವಾರವು ಇಲ್ಲಿ ವಾಸವಾಗಿತ್ತು. 1915ರಲ್ಲಿ ಇಲ್ಲಿ ಚಿತ್ರಶಾಲೆ ಆರಂಭವಾಯಿತು. ಇದು ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ರಾಜಾ ರವಿವರ್ಮ ಅವರ ತೈಲವರ್ಣ ಚಿತ್ರಗಳು, ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳು ಹಾಗೂ ಪುಟ್ಟ ಸೈನಿಕ ಬೊಂಬೆಗಳಿರುವ ಫ್ರಾನ್ಸ್ ದೇಶದ ಗಡಿಯಾರ ಇಲ್ಲಿನ ಸಂಗ್ರಹದಲ್ಲಿ ಸೇರಿವೆ.

ದೀಪ ಹಿಡಿದ ಮಹಿಳೆ

ಮಕ್ಕಳನ್ನು ಹೆಚ್ಚು ಆಕರ್ಷಿಸುವ ಚಿತ್ರಗಳಲ್ಲಿ ‘ಗ್ಲೋ ಆಫ್ ಹೋಪ್’ ಒಂದು. ಸೀರೆಯುಟ್ಟ ಮಹಿಳೆಯೊಬ್ಬಳು ಒಂದು ಕೈಯಲ್ಲಿ ದೀಪ ಹಿಡಿದು, ಮತ್ತೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತಿದ್ದಾಳೆ. ಬೆಳಕು ಅವಳ ಬೆರಳುಗಳನ್ನು ಕೆಂಪಾಗಿಸಿ, ಮುಖದ ಮೇಲೆ ಹರಡಿದೆ. ಇದು ರವಿವರ್ಮ ಅವರ ಕೃತಿಯೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇದನ್ನು ರಚಿಸಿದವರು ಸಾವಂತವಾಡಿ ಮೂಲದ ಕಲಾವಿದ ಎಸ್.ಎಲ್. ಹಲ್ದಂಕರ್ (1882–1968). ರವಿವರ್ಮ ಅವರು 1906ರಲ್ಲಿಯೇ ನಿಧನರಾಗಿದ್ದರು. ಈ ಚಿತ್ರವು 1945–46ರ ಅವಧಿಯದು. ಹಲ್ದಂಕರ್ ಅವರ ಮಗಳೇ ಇದಕ್ಕೆ ರೂಪದರ್ಶಿಯಾಗಿದ್ದರು. ನೋಡಿದವರು ತೈಲವರ್ಣವೆಂದು ಭಾವಿಸುವ ಈ ಕೃತಿಯು ಜಲವರ್ಣದಲ್ಲಿದೆ. ಜಲವರ್ಣದಲ್ಲಿ ಒಮ್ಮೆ ಹಚ್ಚಿದ ಗಾಢ ಬಣ್ಣವನ್ನು ಮತ್ತೆ ತಿಳಿಯಾಗಿಸುವುದು ಕಷ್ಟ.

ವೀಕ್ಷಣೆಯ ಕ್ರಮ

1. ಭೇಟಿಯ ಸಮಯ, ಪ್ರವೇಶ ಶುಲ್ಕ ಹಾಗೂ ಛಾಯಾಚಿತ್ರ ತೆಗೆಯುವ ನಿಯಮಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು.
2. ಎಲ್ಲ ಕೊಠಡಿಗಳನ್ನೂ ಒಂದೇ ದಿನ ನೋಡಬೇಕೆಂಬ ಆತುರ ಬೇಡ. ಚಿಕ್ಕ ಮಕ್ಕಳಿಗೆ ನಾಲ್ಕೈದು ಚಿತ್ರಗಳು ಸಾಕು.
3. ಫಲಕದಲ್ಲಿನ ವಿವರವನ್ನು ಓದಿ ಹೇಳುವ ಮೊದಲು “ಏನು ಕಾಣಿಸುತ್ತಿದೆ?”, “ಬೆಳಕು ಎಲ್ಲಿಂದ ಬರುತ್ತಿದೆ?”, “ಅವಳು ಕೈಯನ್ನು ಏಕೆ ಅಡ್ಡ ಹಿಡಿದಿದ್ದಾಳೆ?” ಎಂದು ಕೇಳಿ, ಮಕ್ಕಳ ಉತ್ತರಕ್ಕೆ ಕಾಯುವುದು.
4. ಚಿತ್ರಗಳನ್ನು ಮುಟ್ಟಬಾರದು. ಬೆರಳಿನ ಬೆವರು ಮತ್ತು ಎಣ್ಣೆಯಂಶದಿಂದ ಕೃತಿಗಳಿಗೆ ಹಾನಿಯಾಗುತ್ತದೆಂಬ ಕಾರಣವನ್ನು ಮಕ್ಕಳಿಗೆ ತಿಳಿಸುವುದು.

ಮನೆಯಲ್ಲಿ ಚಿತ್ರ ರಚನೆ

ಅದೇ ದಿನ ಸಂಜೆ ಕೋಣೆಯ ದೀಪವಾರಿಸಿ ಟಾರ್ಚ್ ಬೆಳಗಿಸಿ, ಅದರ ಗಾಜಿನ ಮೇಲೆ ಅಂಗೈ ಇಡಲು ಮಗುವಿಗೆ ತಿಳಿಸುವುದು. ಬೆರಳುಗಳು ಕೆಂಪಾಗಿ ಹೊಳೆಯುತ್ತವೆ. ಬೆಳಗ್ಗೆ ಚಿತ್ರದಲ್ಲಿ ಕಂಡದ್ದು ಮಗುವಿನ ಕೈಯಲ್ಲಿಯೇ ಕಾಣುತ್ತದೆ. ಚಿಕ್ಕ ಮಕ್ಕಳ ಕೈಗೆ ಉರಿಯುವ ದೀಪ ಕೊಡಬಾರದು.

ಅನಂತರ ಕೋಣೆಯ ದೀಪ ಹಾಕಿ, ಪಾಲಕರು ಮತ್ತು ಮಗು ತಲಾ ಒಂದು ಕಾಗದದಲ್ಲಿ ದೀಪದ ಚಿತ್ರ ಬರೆಯುವುದು. ಜ್ವಾಲೆಯ ಜಾಗವನ್ನು ಬಣ್ಣ ಹಚ್ಚದೆ ಬಿಳಿಯಾಗಿ ಬಿಟ್ಟು, ಅದರ ಸುತ್ತ ಹಳದಿ, ನಂತರ ಕಿತ್ತಳೆ, ಕಂದು, ಕೊನೆಗೆ ಅಂಚಿನಲ್ಲಿ ಕಪ್ಪು ಬಣ್ಣ ಹಚ್ಚಬೇಕು. ಒಂದು ಬಣ್ಣ ಒಣಗಿದ ಮೇಲೆ ಮತ್ತೊಂದನ್ನು ಹಚ್ಚಿದರೆ ಕಲಸಿಹೋಗುವುದಿಲ್ಲ. ಸುತ್ತಲೂ ಕತ್ತಲೆ ಹೆಚ್ಚಿದಂತೆ ಬಿಳಿಯ ಜಾಗವೇ ಬೆಳಕಾಗಿ ತೋರುತ್ತದೆ. ಬಣ್ಣದ ಪೆಟ್ಟಿಗೆ ಇಲ್ಲದವರು ಅರಿಶಿನ, ಕೆಮ್ಮಣ್ಣು ಮತ್ತು ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಅಂಟು ಸೇರಿಸಿ ಬಳಸಬಹುದು.

ಪಾಲಕರ ಗಮನಕ್ಕೆ

ಮಗುವಿನ ಚಿತ್ರವನ್ನು ತಿದ್ದಬಾರದು. ಅದರ ಕಾಗದದ ಮೇಲೆ ಗೆರೆ ಎಳೆಯಬಾರದು. ಯಾರ ಚಿತ್ರ ಚೆನ್ನಾಗಿದೆ ಎಂದು ಹೋಲಿಸಬಾರದು. ಪಾಲಕರ ದೀಪ ಸೊಟ್ಟಗಾದರೆ ಅದನ್ನು ಹರಿದು ಹಾಕದೆ ಹಾಗೆಯೇ ಮುಂದುವರಿಸುವುದು ಸೂಕ್ತ. ಸೊಟ್ಟಗಾದ ಚಿತ್ರವನ್ನು ಹಿರಿಯರೂ ಪೂರ್ಣಗೊಳಿಸುವುದನ್ನು ಕಂಡ ಮಗು ತನ್ನದನ್ನೂ ಪೂರ್ಣಗೊಳಿಸುತ್ತದೆ. ಎರಡೂ ಚಿತ್ರಗಳ ಹಿಂಬದಿಯಲ್ಲಿ ಹೆಸರು ಮತ್ತು ದಿನಾಂಕ ಬರೆದು, ಮನೆಯ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸುವುದು.