ವನ್ಯಪ್ರಾಣಿಗಳಲ್ಲಿ ಉಪಕರಣ ಪ್ರಯೋಗ

ತನ್ನ ದೇಹಕ್ಕೆ ಸೇರದ, ನೆಲಕ್ಕೂ ಅಂಟಿಕೊಂಡಿರದ ಒಂದು ವಸ್ತುವನ್ನು ಪ್ರಾಣಿಯು ಕೈಗೊಂಡು, ಅದರ ಮೂಲಕ ಇನ್ನೊಂದು ವಸ್ತುವಿನ, ಇನ್ನೊಂದು ಜೀವಿಯ ಅಥವಾ ತನ್ನದೇ ಶರೀರದ ಸ್ಥಿತಿಯನ್ನು ಮಾರ್ಪಡಿಸುವ ವರ್ತನೆಗೆ ಉಪಕರಣ ಪ್ರಯೋಗವೆಂದು ಹೆಸರು. 1980ರಲ್ಲಿ ಬೆಂಜಮಿನ್ ಬೆಕ್ ಎಂಬ ವಿದ್ವಾಂಸನು ತನ್ನ ಗ್ರಂಥದಲ್ಲಿ ನಿರೂಪಿಸಿದ ಲಕ್ಷಣದ ಸಾರವಿದು. ಮೇಲ್ನೋಟಕ್ಕೆ ಶುಷ್ಕವೆನಿಸುವ ಈ ಮಾತಿನ ಬೆಲೆ ಹುತ್ತದ ಬಳಿ ನಿಂತವರಿಗೆ ತಿಳಿಯುತ್ತದೆ.

ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಒಣಸೀಮೆಯಲ್ಲಿ ಹುತ್ತಗಳಿಗೆ ಬರವಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳಲ್ಲಿ ಕರಡಿಗಳಿಗೆಂದೇ ಮೀಸಲಾದ ಧಾಮವೂ ಉಂಟು. ಕರಡಿಯು ನೀಳವಾದ ಉಗುರುಗಳಿಂದ ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮೊದಲು ಉಸಿರನ್ನು ಊದಿ ಧೂಳನ್ನು ಹಾರಿಸಿ, ಬಳಿಕ ತುಟಿಗಳನ್ನು ಕೊಳವೆಯಂತೆ ಮುಂಚಾಚಿ, ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳಿಲ್ಲದ ಸಂದಿನಿಂದ ಒರಲೆಗಳನ್ನು ಸದ್ದಾಗುವಂತೆ ಹೀರಿಕೊಳ್ಳುತ್ತದೆ. ಇದು ಅದ್ಭುತವಾದ ಕೌಶಲವೇ ಹೌದು, ಆದರೆ ಉಪಕರಣವಲ್ಲ; ಇಲ್ಲಿ ದುಡಿಯುವುದೆಲ್ಲ ಶರೀರವೇ. 1960ರಲ್ಲಿ ಜೇನ್ ಗುಡಾಲ್ ಆಫ್ರಿಕದ ಗೊಂಬೆ ಅರಣ್ಯದಲ್ಲಿ ಕಂಡ ಚಿಂಪಾಂಜಿಯಾದರೋ ಅದೇ ಬಗೆಯ ಹುತ್ತಕ್ಕೆ ಹುಲ್ಲುಕಡ್ಡಿಯನ್ನು ತೂರಿಸಿ, ಕಚ್ಚಿ ಹಿಡಿದ ಗೆದ್ದಲುಗಳೊಡನೆ ಅದನ್ನು ಹೊರಗೆಳೆದು ತಿನ್ನುತ್ತಿತ್ತು. ಹಸಿವೊಂದೇ, ಊಟವೂ ಒಂದೇ. ನಡುವೆ ಬಂದುದು ಒಂದು ಕಡ್ಡಿ.

ದರೋಜಿಯ ಕರಡಿಧಾಮದಲ್ಲಿ (ಸ್ಥಾಪನೆ 1994) ಅರಣ್ಯ ಸಿಬ್ಬಂದಿಯು ಬಂಡೆಗಳ ಮೇಲೆ ಸವರುವ ಬೆಲ್ಲದ ಪಾಕಕ್ಕಾಗಿ ಕರಡಿಗಳು ಸಂಜೆಯ ವೇಳೆಯನ್ನರಿತು ಇಳಿದು ಬರುವುದನ್ನೂ ಕಲಿಕೆಯೆಂದೇ ಎಣಿಸಬೇಕು, ಉಪಕರಣ ಪ್ರಯೋಗವೆಂದಲ್ಲ.

ಕರ್ನಾಟಕದಲ್ಲಿ ಈ ವಿಷಯವಾಗಿ ನಡೆದ ಅತ್ಯಂತ ಸ್ಪಷ್ಟವಾದ ಪರೀಕ್ಷೆ ನಾಗರಹೊಳೆಯದು. ಬೆಂಜಮಿನ್ ಹಾರ್ಟ್, ಲಿನೆಟ್ ಹಾರ್ಟ್ ಮೊದಲಾದವರು 2001ರಲ್ಲಿ ಪ್ರಕಟಿಸಿದಂತೆ, ಅಲ್ಲಿನ 13 ಸಾಕಾನೆಗಳಿಗೆ ನೊಣ ಬೀಸಿಕೊಳ್ಳಲು ಒಗ್ಗದಷ್ಟು ಉದ್ದನೆಯ ಕೊಂಬೆಗಳನ್ನು ಕೊಟ್ಟಾಗ 8 ಆನೆಗಳು ಅವನ್ನು ಕಿರಿದು ಮಾಡಿಕೊಂಡು ಬೀಸಣಿಗೆಯಾಗಿಸಿಕೊಂಡುವು. ಬಹುಮಟ್ಟಿಗೆ ಮುಂಗಾಲಿನಿಂದ ಕೊಂಬೆಯನ್ನು ಅದುಮಿ ಸೊಂಡಿಲಿನಿಂದ ಪಕ್ಕದ ರೆಂಬೆಯನ್ನು ಸೆಳೆದು ಮುರಿಯುವುದೇ ಅವುಗಳ ಕ್ರಮವಾಗಿತ್ತು. ಸಿಕ್ಕಿದುದನ್ನು ಬಳಸುವುದಕ್ಕಿಂತ, ಬೇಕಾದಂತೆ ತಿದ್ದಿಕೊಂಡು ಬಳಸುವುದು ಹಿರಿದು. ಪಳಗಿದ ಆನೆಗಳಾದುದರಿಂದ ಇದನ್ನು ಕಾಡಾನೆಗಳಿಗೆ ಹಾಗೆಯೇ ಅನ್ವಯಿಸಬಹುದೇ ಎಂಬ ಶಂಕೆಗೆ ಅವಕಾಶವುಂಟಾದರೂ, ಅವನ್ನು ಕಾಡಿನ ಪರಿಸರದಲ್ಲಿಯೇ ಸಾಕಲಾಗಿತ್ತೆಂಬುದನ್ನು ಮರೆಯಲಾಗದು.

ಪಕ್ಷಿಗಳಲ್ಲಿ ಬಿಳಿ ರಣಹದ್ದಿನ ಪ್ರಸಂಗ ಸ್ವಾರಸ್ಯಕರ. ಆಫ್ರಿಕದಲ್ಲಿ ಅದು ಉಷ್ಟ್ರಪಕ್ಷಿಯ ಮೊಟ್ಟೆಯ ಮೇಲೆ ಕಲ್ಲೆಸೆದು ಒಡೆಯುವುದೆಂಬುದು 1966ರಲ್ಲಿ ವರದಿಯಾಯಿತು. ಅದೇ ಹದ್ದು ನಮ್ಮ ನಾಡಿನಲ್ಲಿಯೂ ಇದೆಯಾದರೂ, ಇಲ್ಲಿ ಒಡೆಯಲು ಅಂತಹ ಮೊಟ್ಟೆಯೇ ಇಲ್ಲ.

ದಕ್ಷಿಣ ಭಾರತದ ಮಂಗಗಳಲ್ಲಿ ಒಂದು ಹೆಣ್ಣು ತನ್ನ ಮೈಯ ತುರಿಕೆಯನ್ನು ಕಳೆದುಕೊಳ್ಳಲು ಎಲೆ, ಕಡ್ಡಿಗಳನ್ನು ಹದಗೊಳಿಸಿ ಬಳಸುತ್ತಿದ್ದುದನ್ನು ಅನಿಂದ್ಯ ಸಿಂಹರು 1997ರಲ್ಲಿ ವರ್ಣಿಸಿದರು. ಬಂಡೀಪುರದ ಮಂಗಗಳು ಪ್ರವಾಸಿಗರೆದುರು ವಿಶಿಷ್ಟವಾಗಿ ಕೂಗಿ, ಅಂಗೈ ಚಾಚಿ ಆಹಾರ ಬೇಡುವುದನ್ನು ಅವರೂ ಅವರ ಸಹೋದ್ಯೋಗಿಗಳೂ 2018ರಲ್ಲಿ ದಾಖಲಿಸಿದ್ದಾರೆ. ದೇವಸ್ಥಾನದ ಮೆಟ್ಟಿಲುಗಳಲ್ಲಿ ಹಣ್ಣುಕಾಯಿಯ ಚೀಲ ಕಳೆದುಕೊಂಡವರಿಗೆ ಈ ಬೇಡಿಕೆ ಸೌಜನ್ಯದ ಪರಮಾವಧಿಯೆನಿಸೀತು. ಆದರೆ ಮನುಷ್ಯನನ್ನೇ ಸಾಧನವಾಗಿಸಿಕೊಳ್ಳುವ ಈ ಉಪಾಯಕ್ಕೆ ಬೆಕ್‌ನ ಲಕ್ಷಣದೊಳಗೆ ಎಡೆಯಿಲ್ಲ.