ಪ್ರಮಾಣ ಮಾಡದ ರಾಜ್ಯಪಾಲ

ಅಧಿಕಾರವನ್ನು ಗೆದ್ದವರ ಕಥೆಗಳು ಚರಿತ್ರೆಯಲ್ಲಿ ಹೇರಳವಾಗಿವೆ. ಅದನ್ನು ತಿಳಿದೂ ತಿಳಿದೂ ಬಿಟ್ಟುಕೊಟ್ಟವರು ವಿರಳ. ಅಂಥ ಒಬ್ಬನಾದ ಅಮೆರಿಕದ ಸ್ಯಾಮ್ ಹ್ಯೂಸ್ಟನ್ನನನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

೧೭೯೩ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಹ್ಯೂಸ್ಟನ್ ಬೆಳೆದದ್ದು ಟೆನೆಸಿಯ ಗಡಿನಾಡಿನಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಚೆರೊಕೀ ಆದಿವಾಸಿಗಳ ನಡುವೆ ಬಾಳಿದ. ಅವರ ಮುಖಂಡನೊಬ್ಬ ಅವನನ್ನು ಮಗನಾಗಿ ಸ್ವೀಕರಿಸಿದ. ಮುಂದೆ ಕೆಲವೇ ತಿಂಗಳು ಕಾನೂನು ಓದಿ ಲೆಬನಾನ್ ಎಂಬ ಸಣ್ಣ ಊರಿನಲ್ಲಿ ವಕೀಲಿ ಆರಂಭಿಸಿದ. ಆ ಹೊಸ ಸೀಮೆಯಲ್ಲಿ ವಕೀಲಿಯೇ ರಾಜಕೀಯದ ಹೆಬ್ಬಾಗಿಲು. ೧೮೨೭ರಲ್ಲಿ ಜನ ಅವನನ್ನು ಟೆನೆಸಿಯ ರಾಜ್ಯಪಾಲನನ್ನಾಗಿ ಆರಿಸಿದರು. ಅಲ್ಲಿ ರಾಜ್ಯಪಾಲನೆಂದರೆ ನೇಮಕಗೊಂಡವನಲ್ಲ, ಚುನಾಯಿತನಾದವನು. ಎರಡು ವರ್ಷಗಳ ತರುವಾಯ, ಮದುವೆಯಾದ ಕೆಲವೇ ವಾರಗಳಲ್ಲಿ ದಾಂಪತ್ಯ ಮುರಿಯಿತು. ಕಾರಣವನ್ನು ಬಹಿರಂಗಪಡಿಸದೆ, ಪದವಿಯನ್ನು ತೊರೆದು ಮತ್ತೆ ಚೆರೊಕೀಗಳ ಬಳಿಗೇ ಹೋದ.

ಅವನಿಗೆ ಕೀರ್ತಿ ತಂದದ್ದು ಅಂದು ಮೆಕ್ಸಿಕೊಕ್ಕೆ ಸೇರಿದ್ದ ಟೆಕ್ಸಾಸ್. ೧೮೩೬ರ ಏಪ್ರಿಲ್ ೨೧ರಂದು ಸ್ಯಾನ್ ಜಸಿಂಟೊದಲ್ಲಿ ಅವನ ಪಡೆ ಇಪ್ಪತ್ತು ನಿಮಿಷದೊಳಗೆ ಜಯ ಸಾಧಿಸಿತು. ಸ್ವತಂತ್ರ ಟೆಕ್ಸಾಸಿಗೆ ಅವನು ಎರಡು ಬಾರಿ ಅಧ್ಯಕ್ಷನಾದ. ೧೮೪೫ರಲ್ಲಿ ಅದು ಅಮೆರಿಕದ ಒಕ್ಕೂಟಕ್ಕೆ ಸೇರಿದ ಮೇಲೆ ಸೆನೆಟ್ ಸದಸ್ಯನಾದ.

ನನ್ನ ಮನಸ್ಸನ್ನು ಕಾಡುವುದು ಈ ವಿಜಯಗಳಲ್ಲ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಲು ದಾರಿ ತೆರೆದ ೧೮೫೪ರ ಕಾನ್ಸಾಸ್–ನೆಬ್ರಾಸ್ಕ ಶಾಸನವನ್ನು ಅವನು ವಿರೋಧಿಸಿ, ದಕ್ಷಿಣದ ತನ್ನವರ ಕೋಪಕ್ಕೆ ಗುರಿಯಾದ. ಆದರೆ ಅವನ ಮನೆಯಲ್ಲೂ ಗುಲಾಮರಿದ್ದರು. ಈ ಕಳಂಕವನ್ನು ಮರೆಮಾಚಿ ಅವನನ್ನು ಹೊಗಳಲು ನಾನು ಸಿದ್ಧನಿಲ್ಲ. ಅವನ ಹೋರಾಟ ಒಕ್ಕೂಟದ ಉಳಿವಿಗಾಗಿ. ಗುಲಾಮರ ಬಿಡುಗಡೆಗಾಗಿ ಅಲ್ಲ.

೧೮೬೧ರಲ್ಲಿ ಟೆಕ್ಸಾಸ್ ಒಕ್ಕೂಟವನ್ನು ತೊರೆಯಿತು. ಆಗ ಅಲ್ಲಿಯ ರಾಜ್ಯಪಾಲನಾಗಿದ್ದವನು ಹ್ಯೂಸ್ಟನ್ನನೇ. ದಕ್ಷಿಣದ ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಮಾರ್ಚ್ ೧೬ರಂದು ಅವನ ಹೆಸರು ಕೂಗಿದರು. ಅವನು ಮುಂದೆ ಬರಲಿಲ್ಲ. ಪದವಿ ತೆರವಾಯಿತೆಂದು ಸಾರಿದರು. ಲಿಂಕನ್ ನೀಡಬಯಸಿದ ಸೈನ್ಯದ ನೆರವನ್ನೂ ಅವನು ಒಲ್ಲೆನೆಂದ. ತಾನೇ ಕಟ್ಟಿದ ನಾಡಿನ ಮೇಲೆ ಶಸ್ತ್ರವೆತ್ತಿ ಕುರ್ಚಿ ಉಳಿಸಿಕೊಳ್ಳಲು ಅವನು ಒಪ್ಪಲಿಲ್ಲ.

ಅವನ ಹಿರಿಯ ಮಗನೇ ದಕ್ಷಿಣದ ಸೈನ್ಯಕ್ಕೆ ಸೇರಿ ೧೮೬೨ರಲ್ಲಿ ಶೈಲೊ ಕದನದಲ್ಲಿ ಗಾಯಗೊಂಡ. ಈ ಯುದ್ಧ ದಕ್ಷಿಣಕ್ಕೆ ವಿನಾಶ ತರುವುದೆಂದು ಹ್ಯೂಸ್ಟನ್ ಮೊದಲೇ ಎಚ್ಚರಿಸಿದ್ದ. ಅದು ನಿಜವಾದುದನ್ನು ಕಾಣಲು ಅವನು ಉಳಿಯಲಿಲ್ಲ. ಯುದ್ಧ ಮುಗಿಯುವುದಕ್ಕೆ ಎರಡು ವರ್ಷ ಮೊದಲು, ೧೮೬೩ರ ಜುಲೈ ೨೬ರಂದು, ಹಂಟ್ಸ್‌ವಿಲ್‌ನಲ್ಲಿ ತೀರಿಕೊಂಡ. ಸ್ಯಾನ್ ಜಸಿಂಟೊದಲ್ಲಿ ಅವನ ಹಿಂದೆ ಒಂದು ಪಡೆಯೇ ಇತ್ತು. ಪ್ರಮಾಣ ಮಾಡೆನೆಂದ ದಿನ ಅವನು ಬಹುಮಟ್ಟಿಗೆ ಒಬ್ಬಂಟಿ. ನನ್ನ ಮಟ್ಟಿಗೆ ಆ ದಿನವೇ ದೊಡ್ಡದು.