ಸಿಲಿಕಾ ಧೂಳು: ಪುತ್ತೂರು, ಸುಳ್ಯ, ಕಡಬದ ಕಲ್ಲುಕೆಲಸ
ದಕ್ಷಿಣ ಕನ್ನಡದ ಈ ತಾಲೂಕುಗಳಲ್ಲಿ ಜಲ್ಲಿ ಕ್ರಷರ್, ಕಲ್ಲುಕೋರೆ, ಬೋರ್‌ವೆಲ್ ಕೊರೆತ ಹಾಗೂ ಗ್ರಾನೈಟ್ ಕತ್ತರಿಸುವ ಕೆಲಸಗಳಲ್ಲಿ ಅಪಾಯಕಾರಿ ಸಿಲಿಕಾ ಧೂಳು ಏಳುತ್ತದೆ. ನೈಸ್, ಗ್ರಾನೈಟ್ ಶಿಲೆಗಳಲ್ಲಿ ಸಿಲಿಕಾ ಹೇರಳ. ಕೆಂಪುಕಲ್ಲಿನಲ್ಲಿ ಸಾಮಾನ್ಯವಾಗಿ ಕಡಿಮೆ, ಆದರೆ ಇಲ್ಲವೆಂದಲ್ಲ. ಮೈಗೆ ಮೆತ್ತುವ ಕೆಂಪು ಪುಡಿಗಿಂತ, ಕಣ್ಣಿಗೆ ಕಾಣದ 5 ಮೈಕ್ರಾನ್‌ಗೂ ಸಣ್ಣ ಕಣಗಳೇ ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುತ್ತವೆ. ಈ ರೋಗ ಗುಣವಾಗುವುದಿಲ್ಲ. ಕ್ಷಯ ತಗಲುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಿಲಿಕಾ ಧೂಳನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು.

ಧೂಳನ್ನು ಹುಟ್ಟುವಲ್ಲೇ ತಡೆಯಬೇಕು: ಕ್ರಷರ್, ಜರಡಿ, ಬೆಲ್ಟ್‌ಗಳಿಗೆ ಹೊದಿಕೆ ಮತ್ತು ನೀರಿನ ತುಂತುರು, ಕತ್ತರಿಸುವ ಬ್ಲೇಡಿಗೆ ನೀರು. ಮೂಗಿಗೆ ಕಟ್ಟಿದ ಬೈರಾಸು ಈ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾದರಿಯ ಮುಖಗವಸು ಬೇಕು, ಅದೂ ನೀರಿನ ವ್ಯವಸ್ಥೆಗೆ ಬದಲಿಯಲ್ಲ. ಒಣಗಿದ ಧೂಳನ್ನು ಗುಡಿಸುವ ಬದಲು ಒದ್ದೆ ಮಾಡಿ ತೆಗೆಯಬೇಕು.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿರಿಸಿತ್ತು. ಆದರೆ 1952ರ ಗಣಿ ಕಾಯ್ದೆ, 6 ಮೀಟರ್ ಆಳ ಮೀರದ, 50ಕ್ಕಿಂತ ಹೆಚ್ಚು ಕೆಲಸಗಾರರಿಲ್ಲದ, ಸ್ಫೋಟಕ ಬಳಸದ ಕೆಂಪುಕಲ್ಲು ಕೋರೆಗಳನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತ್ತು. ಯಂತ್ರದಿಂದ ಕಲ್ಲು ಕೊಯ್ಯುವ ಸಣ್ಣ ಕೋರೆಗಳ ಕೂಲಿಯವರಿಗೆ ಇದು ದೊಡ್ಡ ಅನ್ಯಾಯವಾಗಿತ್ತು.